ಆಟದ ಮುಂದಿನ ಭಾಗ: ಮೂಲಕ್ಕಿಂತ ಮೇಲೋ, ಕೀಳೋ?

ಒಂದು ಕತೆ ಜನರಿಗೆ ಹಿಡಿಸಿತೆಂದರೆ "ಆಮೇಲೆ ಏನಾಯಿತು?" ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಈ ಪ್ರಶ್ನೆಗೆ ಉತ್ತರವಾಗಿ ಬಂದ ಕೃತಿಗಳು ನಮ್ಮಲ್ಲಿ ಬಹು ಹಿಂದಿನಿಂದಲೂ ಇವೆ. ಬಾಣಭಟ್ಟನು 'ಕಾದಂಬರಿ'ಯನ್ನು ಮುಗಿಸದೆಯೇ ತೀರಿಕೊಂಡಾಗ ಅವನ ಮಗನು ಅದರ ಉತ್ತರಭಾಗವನ್ನು ಬರೆದು ಪೂರೈಸಿದನು. ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ಹೇಳಿ ನಿಲ್ಲಿಸಿದನು. ಉಳಿದ ಎಂಟನ್ನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಬರೆದು ಮುಗಿಸಿದನು. ಕತೆ ಅದೇ, ಛಂದಸ್ಸೂ ಅದೇ ಭಾಮಿನಿ ಷಟ್ಪದಿ. ಆದರೂ ಇಂದಿಗೂ ಊರೂರಿನ ಗಮಕಿಗಳ ಬಾಯಲ್ಲಿ ನಿಂತಿರುವುದು ಕುಮಾರವ್ಯಾಸನ ಭಾರತ. ತಿಮ್ಮಣ್ಣನ ಹೆಸರನ್ನು ಕನ್ನಡ ಐಚ್ಛಿಕ ವಿಷಯ ತೆಗೆದುಕೊಂಡವರು ಪರೀಕ್ಷೆಗಾಗಿ ನೆನಪಿಟ್ಟುಕೊಳ್ಳುತ್ತಾರೆ.

ಇಂಥ ಉದಾಹರಣೆಗಳಿಂದಲೇ ಇರಬೇಕು, ಮೊದಲನೆಯದೇ ಮೇಲು, ಮುಂದಿನ ಭಾಗವೆಂಬುದು ಮೊದಲನೆಯದರ ಹೆಸರಿನಲ್ಲಿ ಬದುಕುವಂಥದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಚಲನಚಿತ್ರಗಳ ವಿಷಯದಲ್ಲಿಯೂ ಇದೇ ಚರ್ಚೆ ನಡೆಯುತ್ತದೆ. 'ಕೆಜಿಎಫ್' ಚಿತ್ರದ ಮೊದಲ ಅಧ್ಯಾಯ ೨೦೧೮ರಲ್ಲಿಯೂ ಎರಡನೆಯದು ೨೦೨೨ರಲ್ಲಿಯೂ ಬಂದುವು. ಎರಡನೆಯದು ಗಳಿಸಿದ ಹಣ ಮೊದಲನೆಯದಕ್ಕಿಂತ ಬಹಳ ಹೆಚ್ಚು. ಆದರೂ ಎರಡರಲ್ಲಿ ಯಾವುದು ಉತ್ತಮ ಎಂದು ಬಸ್ ನಿಲ್ದಾಣದಲ್ಲಿ ಕೇಳಿ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಳಿಕೆ ಬೇರೆ, ಯೋಗ್ಯತೆ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಪ್ರಕೃತ ಲೇಖನದ ವಿಷಯ ಇನ್ನೊಂದು ಬಗೆಯ ಮುಂದಿನ ಭಾಗ: ವಿಡಿಯೋ ಗೇಮ್‌ಗಳದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಬಹುಮಂದಿ ಯಾವುದಾದರೊಂದು ಆಟವನ್ನು ಫೋನಿನಲ್ಲಿ ಆಡಿದವರೇ. ಆದರೆ ಈ ಆಟಗಳನ್ನು ಕುರಿತು ಹಿರಿಯರು ಆಡುವ ಮಾತು ಸಾಮಾನ್ಯವಾಗಿ "ಕಾಲಹರಣ" ಎಂಬಲ್ಲಿಗೆ ಮುಗಿಯುತ್ತದೆ. ಕಿರಿಯರ ಮಾತು "ಚೆನ್ನಾಗಿದೆ" ಎಂಬಲ್ಲಿಗೆ ಮುಗಿಯುತ್ತದೆ. ನಡುವೆ ವಿಚಾರಕ್ಕೆ ಸ್ಥಳವುಂಟು. ವಿಚಾರ ಮಾಡಿದರೆ ಒಂದು ಸೋಜಿಗ ಕಾಣುತ್ತದೆ: ಕಾವ್ಯದಲ್ಲಿ ಮುಂದಿನ ಭಾಗ ಸೋಲುವುದು ಹೆಚ್ಚಾದರೆ, ವಿಡಿಯೋ ಗೇಮಿನಲ್ಲಿ ಅದು ಮೂಲವನ್ನು ಮೀರಿಸುವುದು ಆಗಾಗ ಕಂಡುಬರುತ್ತದೆ. ಇದೇಕೆ ಹೀಗೆ? ಮೀರಿಸದೆ ಸೋತದ್ದು ಯಾವಾಗ? ಸೋಲುಗೆಲುವಿನ ಲೆಕ್ಕ ಹಾಗಿರಲಿ, ಮೂಲದ ಆಟದ ಗತಿ ಏನಾಗುತ್ತದೆ? ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ನೋಡೋಣ.

ವಿಡಿಯೋ ಗೇಮನ್ನು ಮುಟ್ಟದ ಓದುಗರಿಗೆ ಮೊದಲು ಒಂದು ಹೋಲಿಕೆಯನ್ನು ಹೇಳುವುದು ಅಗತ್ಯ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಚೆನ್ನೆಮಣೆ ಇರುವುದುಂಟು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳಿರುವ ಮರದ ಮಣೆ. ಆಡುವುದು ಹುಣಸೆಬೀಜದಿಂದಲೋ ಅಂಥದೇ ಇನ್ನಾವುದಾದರೂ ಬೀಜದಿಂದಲೋ. ಹೊರಗೆ ಕಾಲಿಡಲಾಗದಂತೆ ಆಷಾಢದ ಮಳೆ ಹೊಯ್ಯುವಾಗ ಒಳಗೆ ಈ ಆಟ ನಡೆಯುತ್ತಿತ್ತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಮಣೆ ಒಂದೇ ಆದರೂ ಅದರ ಮೇಲೆ ಆಡುವ ಆಟ ಒಂದೇ ಅಲ್ಲ. ಬೀಜ ಹಂಚುವ ಕ್ರಮ, ಗೆದ್ದ ಗುಳಿಯನ್ನು ತೆಗೆಯುವ ಕ್ರಮ ಬದಲಾದರೆ ಆಟವೇ ಬದಲಾಗುತ್ತದೆ. ಇಬ್ಬರು ಎದುರುಬದಿರು ಕುಳಿತು ಆಡುವುದುಂಟು. ಒಬ್ಬರೇ ಆಡುವುದೂ ಉಂಟು. ಮಣೆ ಒಂದು, ನಿಯಮ ಒಂದು. ಇವೆರಡು ಸೇರಿದರೆ ಆಟ. ವಿಡಿಯೋ ಗೇಮಿನಲ್ಲಿ ಮಣೆಯ ಸ್ಥಾನದಲ್ಲಿ ಯಂತ್ರವಿದೆ. ನಿಯಮಗಳು ಅದರೊಳಗೆ ಬರೆದಿಟ್ಟ ಲೆಕ್ಕದ ರೂಪದಲ್ಲಿವೆ. ಕತೆ, ಚಿತ್ರ, ಸಂಗೀತಗಳು ಇವೆರಡರ ಮೇಲೆ ತೊಡಿಸಿದ ಉಡುಗೆ.

ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಾವ್ಯದ ಸಾಮಗ್ರಿ ಭಾಷೆ. ಕುಮಾರವ್ಯಾಸನ ಕೈಯಲ್ಲಿದ್ದ ಕನ್ನಡಕ್ಕಿಂತ ಹೆಚ್ಚು ಶಕ್ತಿಯ ಕನ್ನಡವೇನೂ ತಿಮ್ಮಣ್ಣನಿಗೆ ಸಿಗಲಿಲ್ಲ. ಆದರೆ ಆಟ ತಯಾರಿಸುವವನಿಗೆ ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಮಣೆ ದೊರಕುತ್ತದೆ. ೧೯೯೭ರಲ್ಲಿ ಬಂದ 'ಗ್ರ್ಯಾಂಡ್ ಥೆಫ್ಟ್ ಆಟೊ' ಎಂಬ ಆಟದಲ್ಲಿ ನಗರವನ್ನು ಆಕಾಶದಲ್ಲಿ ಹಾರುವ ಹದ್ದಿನಂತೆ ಮೇಲಿನಿಂದ ನೋಡಬೇಕಾಗಿತ್ತು. ಮನುಷ್ಯರು ಇರುವೆಗಳಂತೆ ಕಾಣುತ್ತಿದ್ದರು. ೨೦೦೧ರಲ್ಲಿ ಅದರ ಮೂರನೆಯ ಭಾಗ ಬರುವ ವೇಳೆಗೆ ಯಂತ್ರಗಳು ಬಲಿತಿದ್ದುವು. ಆಡುವವನು ಬೀದಿಗೆ ಇಳಿದು, ಪಾತ್ರಧಾರಿಯ ಬೆನ್ನ ಹಿಂದೆಯೇ ನಡೆಯುವಂತಾಯಿತು. ಮರುವರ್ಷ ಬಂದ 'ವೈಸ್ ಸಿಟಿ'ಯನ್ನು ನಮ್ಮ ನಾಡಿನ ಸೈಬರ್ ಸೆಂಟರುಗಳಲ್ಲಿ ಆಡದ ಹುಡುಗರು ಕಡಿಮೆ. ಅವರಲ್ಲಿ ಹೆಚ್ಚಿನವರು ಮೊದಲನೆಯ ಭಾಗವನ್ನು ಕಣ್ಣಿನಿಂದಲೂ ಕಂಡವರಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಮುಗಿದ ಕತೆಯನ್ನು ತಿದ್ದಲಾಗದು, ನಿಯಮವನ್ನು ತಿದ್ದಬಹುದು. ಮೊದಲ ಆಟವನ್ನು ಲಕ್ಷಾಂತರ ಜನ ಆಡಿದಾಗ ಅದರ ಕುಂದುಗಳೆಲ್ಲ ಹೊರಬೀಳುತ್ತವೆ. 'ಪ್ಯಾಕ್-ಮ್ಯಾನ್' ಎಂಬ ಜಪಾನಿನ ಆಟ ೧೯೮೦ರಲ್ಲಿ ಬಂದಿತು. ಗೋಡೆಗಳ ನಡುವಿನ ಓಣಿಗಳಲ್ಲಿ ಚುಕ್ಕಿಗಳನ್ನು ನುಂಗುತ್ತ ಓಡಬೇಕು. ನಾಲ್ಕು ಭೂತಗಳು ಅಟ್ಟಿಸಿಕೊಂಡು ಬರುತ್ತವೆ. ಅದರ ಕುಂದೇನೆಂದರೆ ಭೂತಗಳ ನಡೆಯಲ್ಲಿ ಅನಿಶ್ಚಯವಿರಲಿಲ್ಲ. ಎಡ, ಬಲ, ಮೇಲೆ, ಕೆಳಗೆ ಎಂದು ಒಂದು ದಾರಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡವನು ಗಂಟೆಗಟ್ಟಲೆ ಸೋಲದೆ ಆಡಬಹುದಾಗಿತ್ತು. ಅಮೆರಿಕದ ಕೆಲವು ಯುವಕರು ಇದನ್ನು ಗಮನಿಸಿ ಆಟವನ್ನು ತಿದ್ದಿದರು. ಒಂದೇ ಓಣಿಯ ಬದಲು ನಾಲ್ಕು ವಿನ್ಯಾಸಗಳನ್ನು ಇಟ್ಟರು. ಭೂತಗಳ ನಡೆಯಲ್ಲಿ ಸ್ವಲ್ಪ ಅನಿಶ್ಚಯವನ್ನು ಬೆರೆಸಿದರು. ಇದು ೧೯೮೨ರಲ್ಲಿ 'ಮಿಸ್ ಪ್ಯಾಕ್-ಮ್ಯಾನ್' ಎಂಬ ಹೆಸರಿನಿಂದ ಹೊರಬಂದು ಬಹು ಜನಪ್ರಿಯವಾಯಿತು. ತಿಮ್ಮಣ್ಣನಂತೆ ಇವರೂ ಇನ್ನೊಬ್ಬರ ಕೆಲಸವನ್ನು ಮುಂದುವರಿಸಿದವರೇ. ಆದರೆ ಇವರಿಗೆ ಮೂಲದ ಕುಂದು ಎಲ್ಲಿದೆಯೆಂದು ತಿಳಿದಿತ್ತು, ತಿದ್ದಲು ಅವಕಾಶವೂ ಇತ್ತು.

ಇದೇ ಜಾತಿಗೆ ಸೇರಿದ ಇನ್ನೊಂದು ಆಟ 'ಸ್ಟ್ರೀಟ್ ಫೈಟರ್'. ೧೯೮೭ರಲ್ಲಿ ಬಂದ ಮೊದಲನೆಯದರಲ್ಲಿ ವಿಶೇಷ ಪಟ್ಟುಗಳಿದ್ದರೂ ಅವನ್ನು ಹೊರಡಿಸುವುದು ಕಷ್ಟವಾಗಿತ್ತು. ಆಡುವವನಿಗೆ ಪಾತ್ರದ ಆಯ್ಕೆಯೂ ಇರಲಿಲ್ಲ. ೧೯೯೧ರ ಎರಡನೆಯದರಲ್ಲಿ ಎಂಟು ಮಂದಿ ಜಟ್ಟಿಗಳಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದಾಯಿತು. ಒಬ್ಬೊಬ್ಬನ ಬಲವೂ ಬೇರೆ, ದೌರ್ಬಲ್ಯವೂ ಬೇರೆ. ಇಂದು ಜಗತ್ತಿನಲ್ಲಿ ಆ ಹೆಸರನ್ನು ಹೇಳಿದರೆ ಜನ ನೆನೆಯುವುದು ಎರಡನೆಯದನ್ನೇ.

ಹಾಗಾದರೆ ಮುಂದಿನ ಭಾಗ ಸೋಲುವುದೇ ಇಲ್ಲವೆ? ಸೋಲುತ್ತದೆ. ಸೋಲಿಗೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಪಳಗಿದವರನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಳ್ಳುವುದು. 'ಸೂಪರ್ ಮಾರಿಯೊ ಬ್ರದರ್ಸ್' ಎಂಬ ಪ್ರಸಿದ್ಧ ಆಟವನ್ನು ಜಪಾನಿನ ನಿಂಟೆಂಡೊ ಕಂಪನಿ ೧೯೮೫ರಲ್ಲಿ ತಂದಿತು. ಮರುವರ್ಷವೇ ಅದರ ಎರಡನೆಯ ಭಾಗ ಜಪಾನಿನಲ್ಲಿ ಬಂದಿತು. ನೋಡಲು ಎರಡೂ ಒಂದೇ. ಆದರೆ ಎರಡನೆಯದು ಮೊದಲನೆಯದನ್ನು ಅರೆದು ಕುಡಿದವರಿಗೆಂದೇ ಮಾಡಿದ್ದು. ಮೊದಲನೆಯದರಲ್ಲಿ ಅಣಬೆ ಸಿಕ್ಕರೆ ಲಾಭ. ಎರಡನೆಯದರಲ್ಲಿ ವಿಷದ ಅಣಬೆಯೂ ಇತ್ತು. ಮುಂದಕ್ಕೆ ಹಾರಿಸಬೇಕಾದ ಗುಪ್ತದ್ವಾರಗಳಲ್ಲಿ ಕೆಲವು ಹಿಂದಕ್ಕೆ ಎಸೆಯುತ್ತಿದ್ದುವು. ಇದು ಅಮೆರಿಕದ ಜನರಿಗೆ ಅತಿ ಕಠಿಣವಾದೀತೆಂದು ಕಂಪನಿ ಎಣಿಸಿತು. ಬೇರೊಂದು ಆಟವನ್ನು ತೆಗೆದುಕೊಂಡು, ಅದರ ಪಾತ್ರಗಳಿಗೆ ಮಾರಿಯೊ ಮತ್ತು ಅವನ ಸಂಗಡಿಗರ ರೂಪ ಕೊಟ್ಟು, ಅದನ್ನೇ ಎರಡನೆಯ ಭಾಗವೆಂದು ೧೯೮೮ರಲ್ಲಿ ಅಲ್ಲಿ ಮಾರಿತು. ನಿಜವಾದ ಎರಡನೆಯ ಭಾಗ ಅಮೆರಿಕಕ್ಕೆ ಹೋದುದು ೧೯೯೩ರಲ್ಲಿ. ಒಂದೇ ಹೆಸರಿನ ಎರಡು ಉತ್ತರಭಾಗಗಳು ಎರಡು ದೇಶಗಳಲ್ಲಿ ಇದ್ದುದು ವಿಚಿತ್ರವಾದರೂ ನಿಜ. ಮೂಲವು ಬಾಗಿಲು ತೆರೆದಿಟ್ಟು ಎಲ್ಲರನ್ನೂ ಒಳಗೆ ಕರೆದಿತ್ತು. ಮುಂದಿನ ಭಾಗ ಬಾಗಿಲಲ್ಲೇ ಪರೀಕ್ಷೆ ಇಟ್ಟಿತು.

ಎರಡನೆಯ ಕಾರಣ, ಹಿಗ್ಗಿಸಿದರೆ ಹೆಚ್ಚಾಯಿತೆಂದು ತಿಳಿಯುವುದು. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಮೈಸೂರಿನಲ್ಲಿಯೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ದೊರೆ. 'ಶ್ರೀತತ್ತ್ವನಿಧಿ' ಎಂಬ ಮಹಾಗ್ರಂಥದ ಒಂದು ಭಾಗವಾದ 'ಕೌತುಕನಿಧಿ' ಆಟಗಳಿಗೆಂದೇ ಮೀಸಲು. ಅವರ ಕಾಲಕ್ಕೆ ಗಂಜೀಫಾ ಎಂಬ ಎಲೆಯಾಟ ಭಾರತದಲ್ಲಿ ಹಳೆಯದಾಗಿತ್ತು. ಗುಂಡಗಿನ, ಬಣ್ಣ ಬರೆದ ಎಲೆಗಳು ಅವು. ಮೊಗಲರ ಗಂಜೀಫಾದಲ್ಲಿ ಎಂಟು ಪಂಗಡ. ಪಂಗಡಕ್ಕೆ ರಾಜ, ಮಂತ್ರಿ ಮತ್ತು ಹತ್ತು ಅಂಕೆಯ ಎಲೆಗಳಂತೆ ಹನ್ನೆರಡು. ಒಟ್ಟು ೯೬ ಎಲೆ. ಅದರಿಂದ ಹುಟ್ಟಿದ ದಶಾವತಾರ ಗಂಜೀಫಾದಲ್ಲಿ ವಿಷ್ಣುವಿನ ಹತ್ತು ಅವತಾರಗಳಿಗೆ ಹತ್ತು ಪಂಗಡ. ಒಟ್ಟು ೧೨೦ ಎಲೆ. ಇವನ್ನು ಒಂದು ಆಟದ ಮೊದಲ ಮತ್ತು ಎರಡನೆಯ ಭಾಗಗಳೆಂದೇ ಕರೆಯಬಹುದು. ಎರಡನೆಯದು ಹೆಚ್ಚೇನೂ ಹಿಗ್ಗಲಿಲ್ಲ. ಆದರೆ ಎಲೆಗಳಿಗೆ ನಮ್ಮವರು ಬಲ್ಲ ದೇವರುಗಳ ಉಡುಗೆ ತೊಡಿಸಿತು. ನಾನಾ ಪ್ರಾಂತಗಳಲ್ಲಿ ಹಬ್ಬಿತು. ಮುಮ್ಮಡಿಯವರು ಇದನ್ನು ಇನ್ನೂ ಮುಂದಕ್ಕೆ ಒಯ್ದು 'ಛದ್' ಎಂಬ ಹೆಸರಿನ ಹಲವು ಆಟಗಳನ್ನು ಕಲ್ಪಿಸಿದರು. ಅವುಗಳಲ್ಲಿ 'ಚಾಮುಂಡೇಶ್ವರಿ ಛದ್' ೩೨೦ ಎಲೆಗಳದು. ಅತಿ ದೊಡ್ಡದರಲ್ಲಿ ೩೬೦ ಎಲೆಗಳು! ಚಿತ್ರಕಲೆಯ ದೃಷ್ಟಿಯಿಂದ ಅವು ಅಪೂರ್ವ ವಸ್ತುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಟವಾಗಿ ಅವು ಅರಮನೆಯ ಆಚೆಗೆ ಹೆಚ್ಚು ಹಬ್ಬಿದಂತೆ ಕಾಣದು. ಮುನ್ನೂರರವತ್ತು ಎಲೆಗಳನ್ನು ಬರೆಸಲು ಹಣ ಬೇಕು, ಹಂಚಿ ಹಿಡಿಯಲು ಕೈ ಬೇಕು, ನೆನಪಿಡಲು ಪಂಡಿತರ ತಲೆ ಬೇಕು. ಇಂದು ಮೈಸೂರು ಗಂಜೀಫಾ ಭೌಗೋಳಿಕ ಸೂಚಿಕೆ ಪಡೆದ ಕಲೆಯಾಗಿ ಉಳಿದಿದೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ; ಕುಳಿತು ಆಡುವವರನ್ನು ಹುಡುಕಬೇಕು.

ಇದರ ಪಕ್ಕದಲ್ಲಿ ಚದುರಂಗವನ್ನು ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಭಾರತದಲ್ಲಿ ಹುಟ್ಟಿ ಪಾರಸಿಕ, ಅರಬ್ಬೀ ನಾಡುಗಳ ಮೂಲಕ ಯೂರೋಪನ್ನು ಸೇರಿದ ಹಳೆಯ ಚದುರಂಗದಲ್ಲಿ ಮಂತ್ರಿಯು ಕರ್ಣರೇಖೆಯಲ್ಲಿ ಒಂದೇ ಮನೆ ನಡೆಯಬಲ್ಲ ದುರ್ಬಲ ಕಾಯಿಯಾಗಿದ್ದನು. ಹದಿನೈದನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ಅವನಿಗೆ ಎಲ್ಲ ದಿಕ್ಕಿಗೂ ಎಷ್ಟು ಮನೆಯಾದರೂ ಸಾಗುವ ಶಕ್ತಿಯನ್ನು ಕೊಟ್ಟರು. ಒಂಟೆಯ ನಡೆಯನ್ನೂ ಬದಲಿಸಿದರು. ಪಟದ ಮನೆಗಳು ಅರವತ್ತನಾಲ್ಕೇ ಉಳಿದುವು. ಕಾಯಿಗಳು ಮೂವತ್ತೆರಡೇ ಉಳಿದುವು. ಆದರೆ ನಿಧಾನವಾಗಿ ತೆವಳುತ್ತಿದ್ದ ಆಟ ಚುರುಕಾಯಿತು. ಇಂದು ಜಗತ್ತು ಆಡುವುದು ಈ "ಎರಡನೆಯ ಭಾಗ"ವನ್ನು. ಒಂದು ಕಡೆ ಎಲೆಗಳ ಸಂಖ್ಯೆಯನ್ನು ಮೂರು ಪಟ್ಟು ಮಾಡಿದರು. ಆಟ ಅರಮನೆಯಲ್ಲಿ ನಿಂತಿತು. ಇನ್ನೊಂದು ಕಡೆ ಕಾಯಿಗಳನ್ನು ಮುಟ್ಟದೆ ಅವುಗಳ ನಡೆಯನ್ನಷ್ಟೆ ಬದಲಿಸಿದರು. ಆಟ ಜಗತ್ತನ್ನು ಸುತ್ತಿತು. ವಿಡಿಯೋ ಗೇಮಿನ ತಯಾರಕರು ತಮ್ಮ ಮುಂದಿನ ಭಾಗದ ಭೂಪಟ ಹಿಂದಿನದಕ್ಕಿಂತ ಇಷ್ಟು ಪಟ್ಟು ದೊಡ್ಡದೆಂದು ಜಾಹೀರಾತು ಹಾಕುವಾಗ ಈ ಮಾತನ್ನು ನೆನೆಯುವುದು ಒಳ್ಳೆಯದು.

ಎಷ್ಟು ಬದಲಿಸಬೇಕು, ಎಷ್ಟು ಉಳಿಸಬೇಕು ಎಂಬುದಕ್ಕೆ ಅನುಭವಿಗಳು ಒಂದು ಅಳತೆಯನ್ನು ಹೇಳಿದ್ದಾರೆ. ೧೯೯೧ರಲ್ಲಿ 'ಸಿವಿಲೈಸೇಷನ್' ಎಂಬ, ಸಾಮ್ರಾಜ್ಯ ಕಟ್ಟುವ ಆಟವನ್ನು ರಚಿಸಿದ ಸಿಡ್ ಮೈಯರ್ ಅವರ ಸಂಸ್ಥೆಯಲ್ಲಿ ಮೂರರಲ್ಲೊಂದು ಪಾಲಿನ ಸೂತ್ರ ಪ್ರಸಿದ್ಧವಾಗಿದೆ. ಮುಂದಿನ ಭಾಗದಲ್ಲಿ ಮೂರರಲ್ಲಿ ಒಂದು ಪಾಲು ಹಳೆಯದು ಹಾಗೆಯೇ ಉಳಿಯಬೇಕು. ಒಂದು ಪಾಲು ಹಳೆಯದೇ ಸುಧಾರಿಸಿರಬೇಕು. ಒಂದು ಪಾಲು ಹೊಸದಾಗಿರಬೇಕು. ನಮ್ಮ ಹುಡುಗರೆಲ್ಲ ಬಲ್ಲ 'ಟೆಂಪಲ್ ರನ್' ಆಟವನ್ನು ಈ ಅಳತೆಯಿಂದ ನೋಡಬಹುದು. ೨೦೧೧ರ ಮೊದಲನೆಯದರಲ್ಲಿ ಓಡುವುದು, ತಿರುಗುವುದು, ಹಾರುವುದು, ತಗ್ಗಿ ಜಾರುವುದು ಇಷ್ಟೇ. ೨೦೧೩ರ ಎರಡನೆಯದರಲ್ಲಿ ಬೆರಳಿನ ಈ ಚಲನೆಗಳು ಹಾಗೆಯೇ ಉಳಿದುವು. ನೇರವಾಗಿದ್ದ ದಾರಿ ಏರಿಳಿದು ಬಾಗಿ ಬಳುಕಿತು. ಹಗ್ಗಕ್ಕೆ ನೇತುಬಿದ್ದು ಜಾರುವುದೂ ಗಣಿಯ ಬಂಡಿಯಲ್ಲಿ ಓಡುವುದೂ ಹೊಸದಾಗಿ ಸೇರಿದುವು. ಮೊದಲನೆಯದನ್ನು ಆಡಿದವನ ಬೆರಳು ಎರಡನೆಯದಕ್ಕೆ ಅಪರಿಚಿತವಾಗಲಿಲ್ಲ. ಮನಸ್ಸಿಗೆ ಹೊಸತೂ ಸಿಕ್ಕಿತು.

ಇನ್ನು ಸೋಲಿನ ಮೂರನೆಯ ಕಾರಣ: ಹಣ ಬರುವ ದಾರಿ ಬದಲಾಗುವುದು. ಇದು ಇಂದಿನ ಕಾಲಕ್ಕೆ ವಿಶೇಷವಾದುದು. ಇದಕ್ಕೆ ಸರಿಯಾದ ಉದಾಹರಣೆ 'ಆ್ಯಂಗ್ರಿ ಬರ್ಡ್ಸ್'. ಫಿನ್‌ಲೆಂಡಿನ ರೋವಿಯೊ ಕಂಪನಿ ೨೦೦೯ರಲ್ಲಿ ತಂದ ಆ ಆಟಕ್ಕೆ ಆ್ಯಪಲ್ ಫೋನಿನಲ್ಲಿ ಒಂದು ಡಾಲರಿಗಿಂತ ಒಂದು ಸೆಂಟು ಕಡಿಮೆ ಬೆಲೆ. ಒಮ್ಮೆ ಕೊಂಡರೆ ಎಷ್ಟು ಸಲ ಸೋತರೂ ಮತ್ತೆ ಕವಣೆ ಎಳೆಯಬಹುದಾಗಿತ್ತು. ೨೦೧೫ರಲ್ಲಿ ಬಂದ 'ಆ್ಯಂಗ್ರಿ ಬರ್ಡ್ಸ್ ೨' ಪುಕ್ಕಟೆ. ಚಿತ್ರಗಳು ಇನ್ನೂ ಸೊಗಸು. ಆದರೆ ಅದರಲ್ಲಿ ಆಡುವವನಿಗೆ ಎಣಿಸಿಟ್ಟ ಪ್ರಾಣಗಳು. ಅವು ಮುಗಿದರೆ ಕಾಯಬೇಕು, ಇಲ್ಲವೆ ಜಾಹೀರಾತು ನೋಡಬೇಕು, ಇಲ್ಲವೆ ಹಣ ಕೊಡಬೇಕು. ಮೊದಲನೆಯದು ಸೋಲನ್ನು ಕಲಿಕೆಯ ಮೆಟ್ಟಿಲನ್ನಾಗಿ ಮಾಡಿತ್ತು. ಎರಡನೆಯದು ಸೋಲನ್ನು ಸರಕನ್ನಾಗಿ ಮಾಡಿತು. ಆಟದ ರಚನೆಯಲ್ಲಿ ಇದೊಂದು ಸಣ್ಣ ಬದಲಾವಣೆಯಲ್ಲ. ಸೋತವನಿಂದ ಹಣ ಬರುವುದಾದರೆ ನಿಯಮ ಬರೆಯುವವನಿಗೆ ಸೋಲಿಸುವ ಆಸೆ ಹುಟ್ಟುವುದು ಸಹಜವಷ್ಟೆ.

ಇಲ್ಲಿಂದ ನಾವು ಕೊನೆಯ ಪ್ರಶ್ನೆಗೆ ಬರುತ್ತೇವೆ: ಮೂಲದ ಗತಿ ಏನು? ರೋವಿಯೊ ತನ್ನ ಹಳೆಯ ಆಟವನ್ನು ಅಂಗಡಿಯಿಂದ ತೆಗೆದುಹಾಕಿತ್ತು. ಅಭಿಮಾನಿಗಳು ಕೇಳಿಕೊಂಡ ಮೇಲೆ ೨೦೨೨ರಲ್ಲಿ ಅದನ್ನು ಹೊಸದಾಗಿ ಕಟ್ಟಿ ಮತ್ತೆ ಮಾರಿತು. ಆದರೆ ೨೦೨೩ರ ಫೆಬ್ರುವರಿಯಲ್ಲಿ ಗೂಗಲ್‌ನ ಅಂಗಡಿಯಿಂದ ಅದನ್ನು ಪುನಃ ಹಿಂತೆಗೆದುಕೊಂಡಿತು. ಆ್ಯಪಲ್‌ನ ಅಂಗಡಿಯಲ್ಲಿ ಅದರ ಹೆಸರನ್ನೇ ಬದಲಿಸಿತು. ಕಂಪನಿ ಕೊಟ್ಟ ಕಾರಣವೇನು? ಆ ಆಟದಿಂದ ತನ್ನ ಇತರ ಆಟಗಳ ಮೇಲೆ ಪರಿಣಾಮವಾಗುತ್ತಿದೆ ಎಂದು! ಹದಿಮೂರು ವರ್ಷದ ಹಿಂದಿನ ಮೂಲ ತನ್ನ ಉತ್ತರಭಾಗಗಳಿಗೆ ಸ್ಪರ್ಧಿಯಾಗಿ ನಿಂತಿತೆಂದರೆ ಮೂಲದ ಯೋಗ್ಯತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಇನ್ನು ಕೆಲವು ಕಡೆ ಮೂಲವನ್ನು ಸಂಪೂರ್ಣವಾಗಿ ಅಳಿಸಿಯೇ ಎರಡನೆಯದನ್ನು ಇಡಲಾಗಿದೆ. 'ಓವರ್‌ವಾಚ್' ಎಂಬ, ೨೦೧೬ರಲ್ಲಿ ಬೆಲೆಗೆ ಮಾರಿದ ಆಟ ಪಕ್ಷಕ್ಕೆ ಆರು ಮಂದಿಯದು. ೨೦೨೨ರ ಅಕ್ಟೋಬರ್ ೪ರಂದು ಪಕ್ಷಕ್ಕೆ ಐದು ಮಂದಿಯ 'ಓವರ್‌ವಾಚ್ ೨' ಬಂದಿತು. ಅದರ ಹಿಂದಿನ ದಿನವೇ ಮೊದಲನೆಯದನ್ನು ನಿಲ್ಲಿಸಿಬಿಟ್ಟರು. 'ಕೌಂಟರ್-ಸ್ಟ್ರೈಕ್ ೨' ೨೦೨೩ರ ಸೆಪ್ಟೆಂಬರಿನಲ್ಲಿ ಬಂದಾಗಲೂ ಅದು ೨೦೧೨ರ ಆಟದ ಸ್ಥಾನದಲ್ಲಿಯೇ ಬಂದು ಕುಳಿತಿತು. ತಿಮ್ಮಣ್ಣನ ಭಾರತ ಬಂದ ದಿನ ಕುಮಾರವ್ಯಾಸನ ಓಲೆಗಳನ್ನೆಲ್ಲ ಮನೆಮನೆಯಿಂದ ಹಿಂದಕ್ಕೆ ಪಡೆದಿದ್ದರೆ ಹೇಗಾಗುತ್ತಿತ್ತೆಂದು ಓದುಗರು ಊಹಿಸಬಹುದು. ಪುಸ್ತಕ ಕೊಂಡವನ ಮನೆಯಲ್ಲಿರುತ್ತದೆ. ಇಂಥ ಆಟ ಕೊಂಡವನ ಮನೆಯಲ್ಲಿ ಇರುವುದಿಲ್ಲ. ಅದು ಎಲ್ಲಿಯೋ ದೂರದ ಸರ್ವರ್ ಯಂತ್ರದಲ್ಲಿದೆ. ಕಂಪನಿ ಗುಂಡಿ ಒತ್ತಿದರೆ ಆರುತ್ತದೆ. ೨೦೧೪ರ 'ದಿ ಕ್ರೂ' ಎಂಬ ಕಾರೋಟದ ಆಟವನ್ನು ೨೦೨೪ರ ಮಾರ್ಚ್ ೩೧ರಂದು ಹೀಗೆ ಆರಿಸಿದಾಗ ಹಣ ಕೊಟ್ಟು ಕೊಂಡವರೂ ಆಡಲಾರದಾದರು. ಇದರಿಂದ ಯೂರೋಪಿನಲ್ಲಿ ಒಂದು ಚಳವಳಿಯೇ ಹುಟ್ಟಿ, ಮಾರಿದ ಆಟವನ್ನು ಆಡಲು ಬರುವಂತೆ ಉಳಿಸಬೇಕೆಂಬ ಮನವಿಗೆ ೨೦೨೫ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದುವು.

ಭಾರತದಲ್ಲಿಯೂ ಇದರ ಅನುಭವ ಆಗಿದೆ. ೨೦೧೮ರಲ್ಲಿ ಫೋನಿಗೆ ಬಂದ 'ಪಬ್‌ಜಿ'ಯನ್ನು ೨೦೨೦ರ ಸೆಪ್ಟೆಂಬರ್ ೨ರಂದು ಭಾರತ ಸರ್ಕಾರ ನಿಷೇಧಿಸಿತು. ೨೦೨೧ರ ಜುಲೈ ೨ರಂದು ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಿಂದ ಬಂದಿತು. ೨೦೨೨ರ ಜುಲೈಯಲ್ಲಿ ಅದೂ ಅಂಗಡಿಯಿಂದ ಮರೆಯಾಯಿತು. ೨೦೨೩ರ ಮೇ ತಿಂಗಳಲ್ಲಿ ಹಿಂದಿರುಗಿತು. ಆಟವಾಗಿ ಅದರಲ್ಲಿ ಹೊಸತೇನೂ ಹೆಚ್ಚಿರಲಿಲ್ಲ. ಬದಲಾದುದು ಷರತ್ತುಗಳು: ಹದಿನೆಂಟು ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಅವುಗಳಲ್ಲೊಂದು. ಆಟದ ಮುಂದಿನ ಭಾಗವನ್ನು ತಯಾರಕನೇ ಅಲ್ಲದೆ ದೇಶದ ಕಾನೂನೂ ರೂಪಿಸಬಲ್ಲುದೆಂಬುದಕ್ಕೆ ಇದು ನಿದರ್ಶನ.

ಈ ಮಾತುಗಳಿಗೂ ನಮ್ಮ ಮೂರು ತಾಲ್ಲೂಕುಗಳಿಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧವಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಒಳ್ಳೆಯ ಫೋನು, ಅದೂ ಹಳೆಯದು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಇಲ್ಲ. ಸಣ್ಣ ಗಾತ್ರದ, ನೆಟ್‌ವರ್ಕ್ ಬೇಡದ ಮೂಲದ ಆಟ ಇಂಥ ಊರಿನಲ್ಲಿ ನಡೆಯುತ್ತದೆ. ಹೊಸ ಫೋನನ್ನೂ ಸದಾ ಸಂಪರ್ಕವನ್ನೂ ಬೇಡುವ ಮುಂದಿನ ಭಾಗ ನಡೆಯುವುದಿಲ್ಲ. ಬೆಂಗಳೂರಿನ ಹುಡುಗನಿಗೆ ಸುಧಾರಣೆಯಾಗಿ ಕಂಡದ್ದು ಇಲ್ಲಿಯವನಿಗೆ ಬಾಗಿಲು ಮುಚ್ಚಿದಂತೆ ಆಗಬಹುದು. ಆದ್ದರಿಂದ "ಯಾವುದು ಉತ್ತಮ?" ಎಂಬ ಪ್ರಶ್ನೆಯ ಜೊತೆಗೆ "ಯಾರಿಗೆ ಉತ್ತಮ?" ಎಂಬುದನ್ನೂ ಕೇಳಬೇಕಾಗುತ್ತದೆ.

ಮೂಲವನ್ನು ಕೊಲ್ಲದೆ, ಮೂಲವನ್ನು ಉಜ್ಜಿ ಸವೆಸದೆ ಮುಂದುವರಿಯುವ ಇನ್ನೊಂದು ದಾರಿಯೂ ಉಂಟು. ೧೯೮೭ರಲ್ಲಿ ಆರಂಭವಾದ 'ಫೈನಲ್ ಫ್ಯಾಂಟಸಿ' ಎಂಬ ಜಪಾನಿನ ಆಟದ ಮಾಲೆಯಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಸಂಖ್ಯೆಗೂ ಹೊಸ ಲೋಕ, ಹೊಸ ಪಾತ್ರ, ಹೊಸ ಕತೆ. ಉಳಿಯುವುದು ಒಂದು ಮನೋಧರ್ಮ, ಕೆಲವು ನಿಯಮ, ಕೆಲವು ಗುರುತುಗಳು. ಇದನ್ನು ಓದುವಾಗ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಹುಟ್ಟಿದ ಕುವೆಂಪು ಅವರ ಎರಡು ಮಹಾಕಾದಂಬರಿಗಳು ನೆನಪಾಗುತ್ತವೆ. 'ಕಾನೂರು ಹೆಗ್ಗಡಿತಿ' ೧೯೩೬ರದು. 'ಮಲೆಗಳಲ್ಲಿ ಮದುಮಗಳು' ೧೯೬೭ರದು. ಮೂವತ್ತೊಂದು ವರ್ಷಗಳ ಅನಂತರ ಕವಿ ಅದೇ ಮಲೆನಾಡಿಗೆ, ಅದೇ ಕಾಡು, ಅದೇ ಮಳೆಗೆ ಹಿಂದಿರುಗಿದರು. ಆದರೆ ಕಾನೂರಿನ ಕತೆಯನ್ನು ಮುಂದುವರಿಸಲಿಲ್ಲ. ಎರಡು ಕೃತಿಗಳೂ ಒಂದನ್ನೊಂದು ಕುಗ್ಗಿಸದೆ ನಿಂತಿವೆ. ಯಾವುದು ದೊಡ್ಡದೆಂದು ವಿಮರ್ಶಕರು ವಾದಿಸಲಿ. ವಾದಿಸಲು ಎರಡೂ ಕೈಗೆ ಸಿಗುತ್ತವೆ ಎಂಬುದು ಮುಖ್ಯ.

ಮೇಲಿನ ವಿವೇಚನೆಯಿಂದ ಒಂದು ಆಟದ ಮುಂದಿನ ಭಾಗವನ್ನು ತೂಗಲು ನಾಲ್ಕು ಪ್ರಶ್ನೆಗಳನ್ನು ಕಟ್ಟಿಕೊಳ್ಳಬಹುದು. ಮೂಲದ ಯಾವ ಕುಂದನ್ನು ಇದು ತಿದ್ದಿತು? ಸಂಖ್ಯೆಯನ್ನಲ್ಲದೆ ನಡೆಯನ್ನು ಬದಲಿಸಿತೇ? ಹೊಸಬನಿಗೂ ಇದರಲ್ಲಿ ಬಾಗಿಲಿದೆಯೇ? ಇದು ಬಂದ ಮೇಲೆ ಮೂಲವು ಆಡಲು ಸಿಗುತ್ತದೆಯೇ? ಮೊದಲ ಮೂರಕ್ಕೆ ಉತ್ತರ ಕೊಡುವುದು ತಯಾರಕರ ಜಾಣ್ಮೆ. ನಾಲ್ಕನೆಯದು ಅವರ ಧರ್ಮಕ್ಕೆ ಸೇರಿದ್ದು. ಆಡುವವರು ಕೇಳಿ ಪಡೆಯಬೇಕಾದದ್ದು.

ಯೂರೋಪಿನವರು ತಮ್ಮ ಆಟಗಳನ್ನು ಉಳಿಸಲು ಸಹಿ ಸಂಗ್ರಹಿಸಿದರು. ನಮ್ಮ ಕೈಯಲ್ಲಿ ಆಗುವ ಕೆಲಸವೂ ಒಂದಿದೆ. ಚೆನ್ನೆಮಣೆಯ ಮೇಲೆ ಆಡುತ್ತಿದ್ದ ಬೇರೆ ಬೇರೆ ಆಟಗಳ ನಿಯಮಗಳು ಯಾವ ಸರ್ವರಿನಲ್ಲಿಯೂ ಇಲ್ಲ. ಅವು ನಮ್ಮ ಅಜ್ಜಿಯರ ಬೆರಳುಗಳಲ್ಲಿವೆ. ಒಂದೊಂದು ಮನೆಯಲ್ಲಿ ಒಂದೊಂದು ಕ್ರಮವಿದ್ದೀತು. ಕೊಪ್ಪದ ಕಡೆಯ ಆಟಕ್ಕೂ ಶೃಂಗೇರಿಯ ಕಡೆಯ ಆಟಕ್ಕೂ ನರಸಿಂಹರಾಜಪುರದ ಕಡೆಯ ಆಟಕ್ಕೂ ವ್ಯತ್ಯಾಸವಿದ್ದರೆ ಅದೂ ತ್ತಿಳಿಯಬೇಕಾದ ಸಂಗತಿಯೇ. ಮಣೆ ಅಟ್ಟದ ಮೇಲಿದ್ದರೆ ಸಾಲದು. ನಿಯಮ ತಿಳಿದವರು ಹೋದ ಮೇಲೆ ಅದು ಹದಿನಾಲ್ಕು ಗುಳಿಯ ಮರದ ತುಂಡು ಮಾತ್ರ. ಬರುವ ಮಳೆಗಾಲದ ರಜೆಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ತಂತಮ್ಮ ಮನೆಯ, ನೆರೆಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದೊಂದು ಆಟ ಆಡಿ, ಅದರ ನಿಯಮವನ್ನು ಬರೆದುಕೊಂಡು ಬಂದರೆ ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು. ಮುಂದೆ ನಮ್ಮವರೇ ಯಾರಾದರೂ ಆ ಆಟವನ್ನು ಫೋನಿಗೆ ತಂದು ಅದಕ್ಕೊಂದು ಮುಂದಿನ ಭಾಗವನ್ನು ಕಟ್ಟುವ ಮನಸ್ಸು ಮಾಡಿದರೆ, ನೋಡಿಕೊಳ್ಳಲು ಮೂಲವೊಂದು ಉಳಿದಿರುತ್ತದೆ.